ಏಣಿಯ ಕೆಳಗಿನವನು

ನಮ್ಮಣ್ಣನನ್ನು ಯಾರ್ಡಿನಲ್ಲಿ ಎಲ್ಲರೂ 'ಅಳತೆ' ಅಂತಲೇ ಕರೆಯುವುದು. ಕಚ್ಚಾ ಎಣ್ಣೆ ತುಂಬಿಡುವ ದೊಡ್ಡ ಟ್ಯಾಂಕುಗಳ ನೆತ್ತಿಗೆ ಹತ್ತಿ, ಒಳಗೆ ಎಷ್ಟಿದೆ ಎಂದು ನೋಡಿ ಬರುವುದು ಅವನ ಕೆಲಸ. ಅದೇ ಯಾರ್ಡಿನ ಬೇಲಿಗೆ ಎದುರಾಗಿ ನನ್ನ ಹೊಲಿಗೆ ಅಂಗಡಿ, ಅಂಗಡಿಯ ಹಿಂದೆ ನನ್ನೊಬ್ಬಳ ಮನೆ. ಯಾರ್ಡಿನವರು ತೊಡುವ, ಅಂಗಿ ಪ್ಯಾಂಟು ಒಂದೇ ಆದ ನೀಲಿ ಬಾಯ್ಲರ್ ಸೂಟುಗಳನ್ನು ವರ್ಷಗಟ್ಟಲೆ ಹೊಲಿದವಳು ನಾನು. ಮಗ ಎಣ್ಣೆ ಅಳೆಯುತ್ತಾನೆ, ಮಗಳು ಎಣ್ಣೆ ಅಳೆಯುವವರನ್ನು ಅಳೆಯುತ್ತಾಳೆ, ಇಬ್ಬರಿಗೂ ಟೇಪೇ ಗತಿ ಎಂದು ನಮ್ಮಪ್ಪ ಇರುವಷ್ಟು ದಿನ ನಗುತ್ತಿದ್ದರು.

ಅಣ್ಣ ಗಿಡ್ಡ. ಮಾತು ಕಡಿಮೆ. ಸಿಟ್ಟು ಬಂದರೆ ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತಾನೆ. ಮನೆಯಲ್ಲಿ ಸಿಟ್ಟು ಹಂಚುವಾಗ ಅವನ ಪಾಲನ್ನೂ ನನಗೇ ಕೊಟ್ಟಿದ್ದಾರೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಈ ಕಥೆ ಹೇಳುವಾಗಲೂ ಅದು ಅಲ್ಲೇ ಇದೆ.

ಟ್ಯಾಂಕು ಹತ್ತುವುದು ಒಬ್ಬರ ಕೆಲಸವಲ್ಲ. ಟ್ಯಾಂಕಿನ ನೆತ್ತಿಯ ಮೇಲೆ ಒಂದು ಸಣ್ಣ ಮುಚ್ಚಳವಿದೆ. ಗಾಳಿಗೆ ಬೆನ್ನು ಕೊಟ್ಟು ನಿಂತು ಅದನ್ನು ತೆರೆದು, ತುದಿಗೆ ತೂಕ ಕಟ್ಟಿದ ಉಕ್ಕಿನ ಟೇಪನ್ನು ಒಳಗೆ ಬಿಡಬೇಕು. ಒಳಗಿನಿಂದ ಏಳುವ ಹಬೆಯಲ್ಲಿ ಕೆಲವೊಮ್ಮೆ ವಿಷ ಇರುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದರೆ ಮೂಗೇ ಸತ್ತು ಹೋಗಿ ವಾಸನೆ ನಿಂತುಬಿಡುತ್ತದೆ. ಸದ್ಯ, ವಾಸನೆ ಹೋಯಿತಲ್ಲ ಎಂದು ನೆಮ್ಮದಿಯಾಗಿ ಉಸಿರೆಳೆದವನು ಅಲ್ಲೇ ಕುಸಿಯುತ್ತಾನೆ. ಕೂಗಿಕೊಳ್ಳುವುದಕ್ಕೂ ಪುರುಸೊತ್ತು ಸಿಗುವುದಿಲ್ಲ. ಅದಕ್ಕೇ ಒಬ್ಬ ಮೇಲೆ ಹತ್ತಿದರೆ ಇನ್ನೊಬ್ಬ ಏಣಿಯ ಬುಡದಲ್ಲಿ ನಿಂತಿರಬೇಕು ಎಂಬ ನಿಯಮ.

ಏಣಿಯ ಕೆಳಗೆ ನಿಲ್ಲುತ್ತಿದ್ದವನು 'ಗಂಟೆ'. ಆ ಹೆಸರು ಬಂದದ್ದು ಅವನ ಗಂಟಲಿನಿಂದ. ಅವನು ನನ್ನ ಅಂಗಡಿಯಲ್ಲಿ ನಿಂತು ಮಾತಾಡಿದರೆ ಗುಂಡಿಗಳ ಡಬ್ಬಿ ಗಲಗಲ ಅನ್ನುತ್ತಿತ್ತು. ಅಷ್ಟು ದೊಡ್ಡ ಗಂಟಲೂ ಟ್ಯಾಂಕಿನ ನೆತ್ತಿಯ ಗಾಳಿಗೆ ಸಾಲುತ್ತಿರಲಿಲ್ಲ. ಹಾಗಾಗಿ ಅವರಿಬ್ಬರೂ ಸೇರಿ ಒಂದು ರೂಢಿ ಮಾಡಿಕೊಂಡಿದ್ದರು. ಗಂಟೆ ಕೆಳಗಿನಿಂದ ಏಣಿಯ ಕಬ್ಬಿಣಕ್ಕೆ ಸ್ಪಾನರಿನಿಂದ ಒಂದು ಸಲ ತಟ್ಟುತ್ತಿದ್ದ. ಇದ್ದೀಯಾ ಎಂದು ಅರ್ಥ. ಅಣ್ಣ ಮೇಲಿನ ಕಂಬಿಗೆ ಎರಡು ಸಲ ತಟ್ಟುತ್ತಿದ್ದ. ಇದ್ದೀನಿ ಎಂದು ಅರ್ಥ. ಬೇಲಿಗೆ ಅಂಟಿಕೊಂಡಂತಿರುವ ಟ್ಯಾಂಕಿನಿಂದ ಈ ಸದ್ದು ನಮ್ಮ ಬೀದಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹೊಲಿಗೆ ಯಂತ್ರದ ಸದ್ದಿನ ನಡುವೆ ನಾನು ಅದನ್ನು ಕೇಳಿಯೂ ಕೇಳದಂತೆ ಇರುತ್ತಿದ್ದೆ. ಗೋಡೆ ಗಡಿಯಾರದ ಸದ್ದನ್ನು ಯಾರು ಕಿವಿಗೊಟ್ಟು ಕೇಳುತ್ತಾರೆ?

ಹಾಗಿರುವಾಗ ಎಣ್ಣೆಯ ಬೆಲೆ ಬಿತ್ತು. ಸ್ವಲ್ಪಸ್ವಲ್ಪವಾಗಿ ಇಳಿಯಲಿಲ್ಲ, ಧೊಪ್ಪೆಂದು ಬಿತ್ತು. ಊರಿನ ಬೇರೆ ಕಡೆ ಇದ್ದವರಿಗೆ ಹಬ್ಬವೋ ಹಬ್ಬ. ಬಸ್ಸಿನ ಡ್ರೈವರು ನನ್ನ ಅಂಗಡಿಗೆ ಬಂದು, "ಅಕ್ಕಾ, ಇನ್ಮೇಲೆ ಗಾಡಿ ಓಡಿಸೋದು ನೀರು ಕುಡಿದಷ್ಟು ಸಲೀಸು" ಎಂದು ಹಲ್ಲು ಕಿರಿದ. ಅವನ ಪ್ಯಾಂಟಿನ ಸೊಂಟ ಬೇಕೆಂದೇ ಬಿಗಿಯಾಗಿ ಹೊಲಿದೆ. ನಮ್ಮ ಬೀದಿಯ ತುಂಬ ಯಾರ್ಡಿನವರೇ. ಅವರ ಮುಖ ನೋಡಲಾಗುತ್ತಿರಲಿಲ್ಲ.

ವಿಚಿತ್ರ ಏನೆಂದರೆ, ಕೆಲಸ ಕಡಿಮೆಯಾಗಲಿಲ್ಲ. ಕೊಳ್ಳುವವರಿಲ್ಲದೆ ಎಣ್ಣೆ ಟ್ಯಾಂಕುಗಳಲ್ಲೇ ಉಳಿಯಿತು. ಖಾಲಿ ಬಿದ್ದಿದ್ದ ಹಳೆಯ ಟ್ಯಾಂಕುಗಳಿಗೂ ತುಂಬಿದರು. ಎಲ್ಲವೂ ಕತ್ತಿನವರೆಗೆ ತುಂಬಿರುವಾಗ ಉಕ್ಕೀತೆಂಬ ಭಯಕ್ಕೆ ಹೊತ್ತುಹೊತ್ತಿಗೆ ಅಳೆಯಬೇಕು. ಅಣ್ಣ ಹಿಂದೆಂದೂ ಹತ್ತದಷ್ಟು ಸಲ ಹತ್ತಿ ಇಳಿದ. ಸಂಜೆ ಬಂದು ಕೂತರೆ ಮೊಣಕಾಲು ಹಿಡಿದುಕೊಂಡೇ ಕೂರುತ್ತಿದ್ದ. ಟ್ಯಾಂಕಿನಲ್ಲಿ ಎಣ್ಣೆ ಹೆಚ್ಚಿದಷ್ಟೂ ಮನೆಗೆ ಸಂಬಳ ಕಡಿಮೆ ಬರುವ ಲೆಕ್ಕ ನನ್ನ ತಲೆಗೆ ಹೋಗಲೇ ಇಲ್ಲ, ಇವತ್ತಿಗೂ ಹೋಗಿಲ್ಲ.

ಮೊದಲ ಕಡಿತವನ್ನು ಮ್ಯಾನೇಜರು ಕ್ಯಾಂಟೀನಿನಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದನಂತೆ. ಸಂಬಳದಲ್ಲಿ ಕಾಲು ಭಾಗ ಹೋಯಿತು. ನಾವೆಲ್ಲ ಒಂದೇ ಕುಟುಂಬ, ಕಷ್ಟದಲ್ಲಿ ಒಬ್ಬರಿಗೊಬ್ಬರು ಆಗಬೇಕು ಎಂದು ಹೇಳುವಾಗ ಅವನ ಕಣ್ಣು ತೇವವಾಗಿತ್ತಂತೆ.

"ಕುಟುಂಬ ಅಂದ್ಮೇಲೆ ಅವನ ಮನೇಗೆ ಊಟಕ್ಕೆ ಹೋಗೋಣ ನಡಿ," ಎಂದೆ.

"ಪಾಪ ಕಣೇ, ಅವನಿಗೂ ಮೇಲಿನವರಿದ್ದಾರೆ," ಎಂದ ಅಣ್ಣ. ಅಣ್ಣನಿಗೆ ಎಲ್ಲರೂ ಪಾಪವೇ.

ಅತ್ತಿಗೆ ಟೊಂಕ ಕಟ್ಟಿದಳು. ಬಾಡಿಗೆಗೆ ಕೊಡಲು, ಯಾರ್ಡಿನಿಂದ ಒಂದು ಬಸ್ಸಿನ ದೂರದಲ್ಲಿದ್ದ ತಮ್ಮ ಮನೆಯ ಮುಂದಿನ ಕೋಣೆ ಖಾಲಿ ಮಾಡಿದಳು. ಬಾಡಿಗೆಗೆ ಬರುವವರಿದ್ದರೆ ತಾನೆ? ಅವರ ಬೀದಿಯಲ್ಲೂ ಎಲ್ಲರೂ ಮುಂದಿನ ಕೋಣೆ ಖಾಲಿ ಮಾಡಿಕೊಂಡೇ ಕೂತಿದ್ದರು. ಅಣ್ಣ ಬಸ್ಸು ಬಿಟ್ಟು ನಡೆದು ಹೋಗತೊಡಗಿದ. ಕೇಳಿದರೆ ಡಾಕ್ಟರು ನಡೆಯಲು ಹೇಳಿದ್ದಾರೆ ಅನ್ನುತ್ತಿದ್ದ. ಅವನು ಡಾಕ್ಟರ ಮುಖ ನೋಡಿ ಯಾವ ಕಾಲವಾಗಿತ್ತೋ. ಅವನ ಕೂದಲನ್ನು ಅತ್ತಿಗೆಯೇ ಮನೆಯಲ್ಲಿ ಕತ್ತರಿಸಿದಳು, ಇಲಿ ತಿಂದ ಹಾಗಿತ್ತು. ನನ್ನ ಕತ್ತರಿ ತೆಗೆದುಕೊಂಡು ಹೋಗಿ ಸರಿ ಮಾಡಲು ನೋಡಿ ಇನ್ನೂ ಕೆಡಿಸಿದೆ. ಅವತ್ತು ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅದೇ ಕೊನೆ ಇರಬೇಕು, ಹಾಗೆ ಕೂತು ನಕ್ಕದ್ದು.

ಇಷ್ಟೆಲ್ಲ ಒದ್ದಾಟ ಮಗಳಿಗಾಗಿ. ಅಣ್ಣನ ಒಬ್ಬಳೇ ಮಗಳು ಬೇರೆ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಕೊನೆಯ ವರ್ಷ. ಇದೊಂದು ಮುಗಿದರೆ ಅವಳು ತನ್ನ ಕಾಲ ಮೇಲೆ ನಿಲ್ಲುತ್ತಾಳೆ, ಆಮೇಲೆ ಏನಾದರೂ ಆಗಲಿ ಎನ್ನುವುದು ಗಂಡ ಹೆಂಡತಿಯ ಲೆಕ್ಕ. ಅವಳಿಗೆ ಕಡಿತದ ಮಾತೇ ಎತ್ತಬಾರದೆಂದು ನನ್ನ ಬಾಯಿಗೂ ಬೀಗ ಹಾಕಿದ್ದರು.

ನನ್ನ ಅಂಗಡಿಗೂ ಬಿಸಿ ತಟ್ಟಿತು. ಹೊಸ ಬಾಯ್ಲರ್ ಸೂಟುಗಳ ಆರ್ಡರು ನಿಂತುಹೋಯಿತು. ಬರುತ್ತಿದ್ದುದೆಲ್ಲ ಹಳೆಯದೇ. ಮೊಣಕಾಲಿಗೆ ತೇಪೆ, ಮೊಣಕೈಗೆ ತೇಪೆ, ಕೊನೆಗೆ ತೇಪೆಯ ಮೇಲೆ ತೇಪೆ. ಸೊಂಟ ಸಣ್ಣ ಮಾಡಿಕೊಡಿ ಎಂದು ಬರುವವರು ಹೆಚ್ಚಾದರು. ಯಾಕೆ ಸಣ್ಣಗಾಗಿದ್ದೀರಿ ಎಂದು ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ. ಕೂಲಿ ಎಷ್ಟು ಎಂದರೆ ಮುಂದಿನ ಸಲ ನೋಡೋಣ ಎನ್ನುತ್ತಿದ್ದೆ. ಒಳಗೆ ಹೋಗಿ ನನ್ನ ಮೇಲೆ ನಾನೇ ರೇಗಿಕೊಳ್ಳುತ್ತಿದ್ದೆ.

ಎರಡನೆಯ ಸಲ ಕ್ಯಾಂಟೀನೂ ಇಲ್ಲ, ಕಣ್ಣೀರೂ ಇಲ್ಲ. ಸೂಪರ್‌ವೈಸರು ಜೋಡಿ ಜೋಡಿಯಾಗಿ ಕರೆದು ಕಡ್ಡಿ ಮುರಿದಂತೆ ಹೇಳಿದ. ಇಬ್ಬರೂ ಇರುವುದಾದರೆ ಇಬ್ಬರಿಗೂ ಅರ್ಧ ಸಂಬಳ. ಒಬ್ಬ ಹೋಗುವುದಾದರೆ ಉಳಿದವನಿಗೆ ಈಗಿನ ಸಂಬಳ, ಆದರೆ ಒಬ್ಬನೇ ಹತ್ತಲು ಒಪ್ಪಿದ್ದೇನೆಂದು ಸಹಿ ಹಾಕಬೇಕು. ನೀವೇ ಮಾತಾಡಿಕೊಂಡು ಬನ್ನಿ ಎಂದನಂತೆ. ಎಷ್ಟು ದೊಡ್ಡ ಮನಸ್ಸು ನೋಡಿ, ಕತ್ತು ಕೊಯ್ಯುವ ಕೆಲಸವನ್ನೂ ಅವರವರಿಗೇ ಬಿಟ್ಟುಕೊಟ್ಟ.

ಇಬ್ಬರೂ ಮಾತಾಡಿಕೊಳ್ಳಲು ಬಂದದ್ದು ನನ್ನ ಅಂಗಡಿಗೆ. ಕೂರಿ ಎಂದರೂ ಕೂರಲಿಲ್ಲ. ಬಟ್ಟೆ ರಾಶಿಯ ನಡುವೆ ಎದುರುಬದುರಾಗಿ ನಿಂತುಕೊಂಡರು.

"ಅರ್ಧ ತಗೊಳ್ಳೋಣ," ಎಂದ ಅಣ್ಣ. "ಇಷ್ಟು ವರ್ಷ ಒಟ್ಟಿಗೆ ಮಾಡಿದ್ದೀವಿ."

"ಅರ್ಧದಲ್ಲಿ ಮಗಳ ಓದು ಮುಗಿಸ್ತೀಯಾ?" ಗಂಟೆ ಕೇಳಿದ.

ಅಣ್ಣ ರಾಶಿಯಿಂದ ಒಂದು ಬಟ್ಟೆ ಎತ್ತಿ ಮಡಿಸತೊಡಗಿದ.

"ನಂಗೇನು, ನಾನು, ನಮ್ಮಮ್ಮ. ಅವಳು ತಿನ್ನೋದೇ ಒಂದು ಹಿಡಿ. ನಾನು ಹೋಗ್ತೀನಿ."

"ಹೋಗಿ ಎಲ್ಲಿಗೆ ಹೋಗ್ತೀಯ? ಯಾರ್ಡ್ ಬಿಟ್ರೆ ಈ ಊರಲ್ಲಿ ಏನಿದೆ?"

"ಅದನ್ನ ನೀನು ಯೋಚನೆ ಮಾಡ್ಬೇಡ. ಒಬ್ಬನೇ ಹತ್ತಬೇಕಲ್ಲ, ಅದನ್ನ ಯೋಚನೆ ಮಾಡು."

ಅಣ್ಣ ಸರಕ್ಕನೆ ಹಿತ್ತಲಿಗೆ ಹೋದ. ನಲ್ಲಿಯ ಸದ್ದು ಕೇಳಿಸಿತು, ಮುಖ ತೊಳೆಯುತ್ತಿದ್ದ. ಅವನು ಒರೆಸಿಕೊಂಡು ಬರುವಷ್ಟರಲ್ಲಿ ಗಂಟೆ ಹೊರಟು ಹೋಗಿದ್ದ. ನೇರ ಯಾರ್ಡಿಗೆ ಹೋಗಿ, ತಾನು ಬಿಡುತ್ತೇನೆಂದು ಸಹಿ ಹಾಕಿಯೇ ಬಿಟ್ಟಿದ್ದ. ಮರುದಿನ ಅಣ್ಣನೂ ಹಾಕಿದ.

ನನಗೆ ಸಿಟ್ಟು ನೆತ್ತಿಗೇರಿತು, ಅವನ ಮನೆಗೇ ಹೋದೆ. "ಬಿದ್ರೆ ನಾನೇ ಹೊಣೆ ಅಂತ ಬರೆದುಕೊಟ್ಟು ಬಂದಿದ್ದೀಯಲ್ಲ, ನಿನಗೆ ತಲೆ ಕೆಟ್ಟಿದೆಯಾ?" ಎಂದು ಕೂಗಾಡಿದೆ.

"ಎದೆಗೆ ಸಿಕ್ಕಿಸಿಕೊಳ್ಳೋ ಒಂದು ಪೆಟ್ಟಿಗೆ ಕೊಟ್ಟಿದ್ದಾರೆ. ವಿಷ ಇದ್ರೆ ಅದು ಕಿರುಚುತ್ತೆ," ಎಂದ.

"ಕಿರುಚಿದ್ರೆ ಕೇಳೋರು ಯಾರು?"

ಅತ್ತಿಗೆ ಒಳಗಿನಿಂದ ನನ್ನ ಕಡೆ ಒಂದು ನೋಟ ನೋಡಿದಳು. ಬೈಯುವ ನೋಟವಲ್ಲ, ಬೇಡ ಅನ್ನುವ ನೋಟ. ಅವಳೂ ಅದನ್ನೇ ಯೋಚಿಸುತ್ತಿದ್ದಳೆಂದು ಅವಾಗ ತಿಳಿಯಿತು.

ಕೆಲಸ ಬಿಟ್ಟವರು ಬಾಯ್ಲರ್ ಸೂಟು ವಾಪಸ್ಸು ಕೊಡಬೇಕಿತ್ತು. ಗಂಟೆ ಒಗೆದು, ಇಸ್ತ್ರಿ ಮಾಡಿ, ಮಡಿಸಿ ಕೊಟ್ಟು ಬಂದ. ಸ್ವಲ್ಪ ದಿನಕ್ಕೆ ಅಣ್ಣ ಹೊಸ ಸೂಟು ಸಿಕ್ಕಿತೆಂದು ಒಂದನ್ನು ತಂದು, ಕಾಲು ಉದ್ದವಾಗಿದೆ, ಕತ್ತರಿಸಿಕೊಡು ಎಂದ. ಬಿಡಿಸಿ ನೋಡಿದರೆ ಎಡ ತೋಳಿನಲ್ಲಿ ನನ್ನದೇ ತೇಪೆ. ಅದು ಗಂಟೆಯದು. ಅಣ್ಣನಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಕಾಲನ್ನು ಕತ್ತರಿಸಲು ಮನಸ್ಸು ಬರಲಿಲ್ಲ, ಒಳಗೆ ಮಡಚಿ ಹೊಲಿದೆ. ಮತ್ತೆ ಬಿಡಿಸಿದರೆ ಉದ್ದವಾಗುವ ಹಾಗೆ.

ಒಬ್ಬನೇ ಹತ್ತತೊಡಗಿದ ಮೇಲೂ ಅಣ್ಣ ಮೇಲಿನಿಂದ ಎರಡು ಸಲ ತಟ್ಟುತ್ತಿದ್ದ. ಕೆಳಗೆ ಯಾರೂ ಕೇಳುತ್ತಿಲ್ಲ, ಒಂದು ಸಲ ತಟ್ಟಿದವರೂ ಇಲ್ಲ. ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಪ್ರಶ್ನೆಯಿಲ್ಲದ ಆ ಉತ್ತರ ಕೇಳಿದಾಗಲೆಲ್ಲ ನನ್ನ ಕಾಲು ಯಂತ್ರದ ಪೆಡಲಿನ ಮೇಲೆ ನಿಂತುಹೋಗುತ್ತಿತ್ತು. ವರ್ಷಗಟ್ಟಲೆ ಕೇಳದ ಸದ್ದು ಈಗ ಕಿವಿ ಬಿಟ್ಟು ಹೋಗುತ್ತಲೇ ಇರಲಿಲ್ಲ.

ಒಂದು ಸಂಜೆ ಪ್ರಶ್ನೆಯೂ ಕೇಳಿಸಿತು. ಹೊರಗೆ ಬಂದು ನೋಡಿದರೆ ಗಂಟೆ ತನ್ನ ಮನೆಯ ಮೆಟ್ಟಿಲ ಮೇಲೆ ಕೂತು, ಅಂಗಳದ ನಲ್ಲಿಯ ಕಬ್ಬಿಣದ ಕಂಬಕ್ಕೆ ಸ್ಪಾನರಿನಿಂದ ತಟ್ಟುತ್ತಿದ್ದಾನೆ. ಅವನ ಮನೆ ನನ್ನ ಅಂಗಡಿಯ ಪಕ್ಕದ್ದೇ. ಠಣ್. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟ್ಯಾಂಕಿನ ನೆತ್ತಿಯಿಂದ, ಠಣ್ ಠಣ್.

ಮೊದಲು ಅವನು ಬೇಲಿಯ ಕಂಬಕ್ಕೇ ತಟ್ಟಿದ್ದನಂತೆ. ಕಾವಲಿನವನು ಬಂದು ಕಂಪನಿಯ ಆಸ್ತಿ, ಮುಟ್ಟಬಾರದು ಎಂದನಂತೆ. "ನಲ್ಲಿ ನಮ್ಮಪ್ಪಂದು, ಅದನ್ನ ಯಾರೂ ಕೇಳಂಗಿಲ್ಲ," ಎಂದು ಗಂಟೆ ನಕ್ಕ. ಕೆಲಸವಿಲ್ಲದವನು ಡ್ಯೂಟಿಗೆ ಒಂದು ದಿನವೂ ತಪ್ಪಲಿಲ್ಲ. ಸಂಬಳ ಕೊಡುವವರಿಗೆ ಬೇಡವಾದ ಕೆಲಸವನ್ನು ಸಂಬಳವಿಲ್ಲದೆ ಮಾಡಿದ.

ಎಷ್ಟು ದಿನ ಅಂತ ಹಾಗೆ ಕೂರುತ್ತಾನೆ? ದೂರದ ಊರಿನಲ್ಲಿ ಗೋದಾಮು ಕಾಯುವ ಕೆಲಸ ಸಿಕ್ಕಿತು. ಹೊರಡುವ ದಿನ ತಾಯಿಯನ್ನು ಆಟೋದಲ್ಲಿ ಕೂರಿಸಿ, ನನ್ನ ಅಂಗಡಿಗೆ ಬಂದು ಸ್ಪಾನರನ್ನು ಹೊಲಿಗೆ ಯಂತ್ರದ ಮೇಲೆ ಇಟ್ಟ.

"ಒಂದು ಸಲ ತಟ್ಟಿ. ಎರಡು ಬರುತ್ತೆ. ಬರದಿದ್ರೆ ಇನ್ನೊಂದು ಸಲ ತಟ್ಟಿ."

"ಆಗ್ಲೂ ಬರದಿದ್ರೆ?"

"ಗೇಟಿಗೆ ಓಡಿ," ಎಂದಷ್ಟೇ ಹೇಳಿ ಹೋದ.

ಅವತ್ತು ಸಂಜೆ, ಅಣ್ಣ ಬೇಲಿ ಪಕ್ಕದ ಟ್ಯಾಂಕು ಹತ್ತುವ ಹೊತ್ತಿಗೆ, ಗಂಟೆಯ ಅಂಗಳಕ್ಕೆ ಹೋಗಿ ಅದೇ ನಲ್ಲಿ ಕಂಬಕ್ಕೆ ನಾನು ತಟ್ಟಿದೆ. ಮೇಲಿನಿಂದ ಉತ್ತರ ಬರಲು ತಡವಾಯಿತು. ಹೊತ್ತು ಮುಳುಗುವ ಮುಂಚೆ ಅಣ್ಣ ಅಂಗಡಿಗೆ ಬಂದು, ಸ್ಪಾನರು ನೋಡಿ, "ನೀನಾ?" ಎಂದ. "ಹೂಂ, ನಾನೇ. ಯಾಕೆ, ನನ್ನ ತಟ್ಟು ಚೆನ್ನಾಗಿಲ್ವಾ?" ಎಂದೆ. "ಗುಂಡಿ ಹೊಲಿದ ಹಾಗೆ ತಟ್ತೀಯ. ಸ್ವಲ್ಪ ಜೋರಾಗಿ ತಟ್ಟು," ಎಂದು ಹೇಳಿ ಹೋದ. ಅವನಿಗೆ ಸಂತೋಷವಾಗಿತ್ತು. ನನಗೂ ಆಗಿತ್ತು. ಕೈಲಾಗದ ಹೊತ್ತಿನಲ್ಲಿ ಏನೋ ಒಂದು ಕೈಯಲ್ಲಿ ಸಿಕ್ಕಿತಲ್ಲ ಎಂಬ ಸಂತೋಷ.

ಹೀಗೇ ತಿಂಗಳುಗಳು ಕಳೆದವು. ಆ ಸಂಜೆ ನಾನು ಎಂದಿನಂತೆ ತಟ್ಟಿದೆ. ಉತ್ತರವಿಲ್ಲ. ಗಾಳಿ ಆ ಕಡೆ ಇರಬೇಕೆಂದು ಇನ್ನೊಂದು ಸಲ ತಟ್ಟಿದೆ. ಇಲ್ಲ. ಜೋರಾಗಿ ತಟ್ಟಿದೆ. ನಲ್ಲಿಯ ಬಣ್ಣ ಚಕ್ಕೆಯಾಗಿ ಉದುರಿತು. ಇಲ್ಲ.

ಗೇಟಿಗೆ ಓಡಿದೆ. ಒಂದು ಚಪ್ಪಲಿ ಬೀದಿಯಲ್ಲೇ ಉಳಿಯಿತು, ಕತ್ತಿನಲ್ಲಿ ಟೇಪು ನೇತಾಡುತ್ತಿತ್ತು. ಕಾವಲಿನವನ ಅಂಗಿ ನಾನೇ ಹೊಲಿದದ್ದು.

"ನಮ್ಮಣ್ಣ ಮೇಲೆ ಬಿದ್ದಿದ್ದಾನೆ. ಬೇಲಿ ಪಕ್ಕದ ಟ್ಯಾಂಕು. ಬಾಗಿಲು ತೆಗಿ," ಎಂದೆ.

"ಯಾರು ಹೇಳಿದ್ರು?"

"ಅವನು ತಟ್ಟಲಿಲ್ಲ!"

ಅವನು ನನ್ನನ್ನು ಹುಚ್ಚಿಯೆಂಬಂತೆ ನೋಡಿದ. "ಪಾಸಿಲ್ಲದೆ ಬಿಡೋಕಾಗಲ್ಲ ಅಕ್ಕಾ. ಇರು, ಫೋನ್ ಮಾಡ್ತೀನಿ."

ಫೋನು ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಒಳಗೆ ಕಂಟ್ರೋಲ್ ರೂಮಿನಲ್ಲೂ ಈಗ ಒಬ್ಬನೇ, ಅವನು ಯಾವ ಮೂಲೆಯಲ್ಲಿದ್ದಾನೋ ಎಂದ. ನೀನಾದರೂ ಹೋಗಿ ನೋಡು ಎಂದರೆ, ಗೇಟಿನಲ್ಲೂ ತಾನೊಬ್ಬನೇ, ಬಿಟ್ಟು ಹೋದರೆ ಕೆಲಸ ಹೋಗುತ್ತದೆ ಎಂದ. ಹಾಗೆ ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಬಾಯಿಗೆ ಬಂದದ್ದೆಲ್ಲ ಬೈದೆ. ಗೇಟಿನ ಸರಳು ಹಿಡಿದು ಅಲುಗಾಡಿಸಿದೆ. ಅಲ್ಲಿಂದ ಟ್ಯಾಂಕು ಕಾಣುತ್ತದೆ, ಏಣಿ ಕಾಣುತ್ತದೆ, ನೆತ್ತಿ ಮಾತ್ರ ಕಾಣುವುದಿಲ್ಲ. ಏಣಿಯ ಬುಡದಲ್ಲಿ ಗಂಟೆ ನಿಲ್ಲುತ್ತಿದ್ದ ಜಾಗ ಬರಿದಾಗಿತ್ತು. ಅಲ್ಲಿಗೆ ಓಡಿ ಹೋಗಲು ಎಷ್ಟು ಹೊತ್ತು ಬೇಕಿತ್ತು? ಒಂದು ಗುಂಡಿ ಹೊಲಿಯುವಷ್ಟು ಹೊತ್ತು.

ಅವಾಗ ಆಫೀಸಿನ ಕಡೆಯಿಂದ ಅಣ್ಣ ನಡೆದು ಬಂದ. ಭುಜಕ್ಕೆ ಚೀಲ, ಕಾಲು ಮಡಚಿದ ಆ ಬಾಯ್ಲರ್ ಸೂಟು.

ಹೋದ ಜೀವ ಬಂದಂತಾಯಿತು. ಅವನು ಗೇಟು ದಾಟಿದ್ದೇ ತಡ, ಎದೆಗೆ ಎರಡು ಗುದ್ದಿದೆ. "ಯಾಕೆ ತಟ್ಟಲಿಲ್ಲ? ಹೇಳು, ಯಾಕೆ ತಟ್ಟಲಿಲ್ಲ?"

"ಇವತ್ತು ಮೇಲೆ ಹತ್ತೇ ಇಲ್ಲ ಕಣೇ. ಆಫೀಸಿಗೆ ಕರೆದಿದ್ರು."

"ಯಾಕೆ?"

ಅವನು ಕಾವಲಿನವನ ಕಡೆ ನೋಡಿ, ನನ್ನ ಕೈ ಹಿಡಿದು ಸ್ವಲ್ಪ ದೂರ ಕರೆದುಕೊಂಡು ಹೋದ. "ಇನ್ನೂ ಕಾಲು ಭಾಗ ಕಡಿತ. ಈಗ ಅರ್ಧಕ್ಕೆ ಬಂತು," ಎಂದ. ಹಾಗಾದರೆ ಗಂಟೆ ಹೋದದ್ದು ಯಾತಕ್ಕೆ ಎಂದು ನಾನು ಕೇಳಲಿಲ್ಲ. ಅವನ ಮುಖದಲ್ಲೂ ಅದೇ ಪ್ರಶ್ನೆ ಇತ್ತು.

"ನಾಳೆಯಿಂದ ಹಡಗುಕಟ್ಟೆ ಕಡೆ ಟ್ಯಾಂಕುಗಳು. ಅಲ್ಲಿದ್ದವನನ್ನ ತೆಗೆದಿದ್ದಾರೆ. ಇನ್ಮೇಲೆ ಅವನ ಕೆಲಸ ನಂಗೆ."

"ಅಲ್ಲಿಂದ ನಮ್ಮ ಬೀದಿಗೆ..."

"ಕೇಳಿಸಲ್ಲ," ಎಂದ. "ನೀನು ಸುಮ್ನೆ ಕಾಯ್ಬೇಡ."

"ಸಹಿ ಹಾಕಿದ್ಯಾ?"

"ಹಾಕ್ದೆ."

ಬಿಟ್ಟುಬಿಡು ಎನ್ನಲು ಬಾಯಿ ತೆರೆದೆ. ಬಿಟ್ಟು ಏನು ಮಾಡಬೇಕು ಎಂದು ಅವನು ಕೇಳಿದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಮಗಳ ಪರೀಕ್ಷೆಗೆ ಇನ್ನೂ ಸಮಯವಿತ್ತು. ನನ್ನ ಅಂಗಡಿಯಲ್ಲಿ ತೇಪೆಗಳ ರಾಶಿ ಬಿಟ್ಟರೆ ಬೇರೇನಿದೆ? ಅವನ ಪಕ್ಕ ನಡೆದೆ. ಬೀದಿಯಲ್ಲಿ ಬಿದ್ದಿದ್ದ ಚಪ್ಪಲಿಯನ್ನು ಅವನೇ ಎತ್ತಿ ನನ್ನ ಕಾಲ ಬಳಿ ಇಟ್ಟ.

ಈಗ ಹಡಗುಕಟ್ಟೆಯಲ್ಲೇ ಅವನ ಕೆಲಸ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ನನ್ನ ಅಂಗಡಿಯ ಶಟರಿಗೆ ಎರಡು ಸಲ ತಟ್ಟಿ ಹೋಗುತ್ತಾನೆ. ಬಾಗಿಲು ತೆರೆದೇ ಇದ್ದರೂ ತಟ್ಟುತ್ತಾನೆ. ನಾವು ಮಾತಾಡಿಕೊಂಡು ಮಾಡಿದ ಏರ್ಪಾಡಲ್ಲ, ತಾನಾಗಿಯೇ ಶುರುವಾಯಿತು. ಬೆಳಿಗ್ಗೆಯಿಂದ ಆ ಎರಡು ಸದ್ದಿನವರೆಗೆ ನಾನು ಹೊಲಿಯುತ್ತೇನೆ, ಬಿಚ್ಚುತ್ತೇನೆ, ಗಿರಾಕಿಗಳ ಮೇಲೆ ರೇಗುತ್ತೇನೆ. ಎಂದಿನ ಹೊತ್ತಿಗೆ ಹೋಗಿ ನಲ್ಲಿ ಕಂಬಕ್ಕೆ ಒಂದು ಸಲ ತಟ್ಟಿಯೂ ಬರುತ್ತೇನೆ. ಉತ್ತರ ಬರುವುದಿಲ್ಲವೆಂದು ಗೊತ್ತು. ಬರದಿದ್ದರೆ ಗೇಟಿಗೆ ಓಡಬೇಕು ಅನ್ನುವುದಕ್ಕೂ ಈಗ ಅರ್ಥವಿಲ್ಲ.

ನಿನ್ನೆ ತಡವಾಯಿತು. ಬೀದಿಯ ದೀಪ ಹತ್ತಿದರೂ ಬರಲಿಲ್ಲ. ಅತ್ತಿಗೆ ಬಂದು ನನ್ನ ಪಕ್ಕ ಕೂತು, ಹೊಲಿದ ಬಟ್ಟೆಯ ದಾರಗಳನ್ನು ಕಿತ್ತು ಹಾಕತೊಡಗಿದಳು. ದಾರವಿಲ್ಲದ ಕಡೆಯೂ ಕೀಳುತ್ತಿದ್ದಳು. ಕೊನೆಗೆ ಶಟರಿನ ಮೇಲೆ ಎರಡು ಸಲ ಸದ್ದಾಯಿತು.

"ಇದ್ದೀಯಾ?" ಎಂದೆ ಕೂತಲ್ಲಿಂದಲೇ.

"ಇದ್ದೀನಿ," ಎಂದ. "ನಾಳೆ ಬೇಗ ಹೋಗ್ಬೇಕಂತೆ."